ಹದಿನಾಲ್ಕನೇ ನಿಯಮ ಮತ್ತು ಒಂದು ಬಶಿ ಚಹಾ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಮಸ್ತ ಮಹಾಜನತೆಗೆ ಸವಿನಯವಾಗಿ ತಿಳಿಯಪಡಿಸುವುದೇನೆಂದರೆ, ನೋಟ ಸೇವಾ ಬಳಗದ ಆಳಂದ ಕಚೇರಿಗೆ ಹೊಸದೊಂದು ಪ್ಲಾಸ್ಟಿಕ್ ಕುರ್ಚಿ ಆಗಮಿಸಿದೆ. ಕುರ್ಚಿಯ ಬಣ್ಣ ಕೆಂಪು. ಅದಕ್ಕೆ ಎರಡು ಕೈಗಳಿವೆ, ಕಾಲುಗಳು ನಾಲ್ಕೂ ನೆಲಕ್ಕೆ ತಾಗುತ್ತವೆ. ಸದರಿ ಕುರ್ಚಿಯನ್ನು ಇಂದಿನಿಂದ ‘ಸಂಶೋಧನಾ ಪೀಠ’ ಎಂದು ಕರೆಯತಕ್ಕದ್ದು.

ಬಳಗದ ಅಧ್ಯಕ್ಷ ಅನೀಲಕುಮಾರ ಈ ಪ್ರಕಟಣೆಯನ್ನು ಮೊಬೈಲಿನ ಗುಂಪಿಗೆ ಹಾಕಿ, ತಾವೇ ಅದಕ್ಕೆ ಚಪ್ಪಾಳೆಯ ಚಿತ್ರ ಒತ್ತಿದರು. ಕುರ್ಚಿಗೆ ಒಂದು ಸೇವಂತಿಗೆ ಹಾರವನ್ನೂ ಹಾಕಿದರು. ಅದನ್ನು ತೆಗೆಯದೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ, ತೆಗೆಯುವ ಧೈರ್ಯವೂ ಇರಲಿಲ್ಲ. ಹಾಗಾಗಿ ಕಚೇರಿಯ ಸಂಯೋಜಕಿ ಭಾಗ್ಯಜ್ಯೋತಿ ಎಂದಿನಂತೆ ಕನ್ನಡಕದ ಡಬ್ಬಿಗಳ ಪೆಟ್ಟಿಗೆಯ ಮೇಲೆಯೇ ಕೂತಳು.

ಬಳಗದ ಕೆಲಸ ಸರಳವಾದದ್ದು. ಒಂದು ಬಿಳಿ ಗಾಡಿ. ತಿಂಗಳಿಗೊಮ್ಮೆ ಅದು ಮೂರೂ ತಾಲೂಕಿನ ಹಳ್ಳಿಗಳಿಗೆ ಹೋಗಿ, ವಯಸ್ಸಾದವರ ಕಣ್ಣು ನೋಡಿ, ಕನ್ನಡಕ ಕೊಟ್ಟು ಬರುತ್ತಿತ್ತು. ಕನ್ನಡ ಬಲ್ಲವರಿಗೂ ಕನ್ನಡಕ, ಕನ್ನಡ ಬಾರದವರಿಗೂ ಕನ್ನಡಕ. ಬಳಗಕ್ಕೆ ನೋಟವಿತ್ತು, ನೋಟಿರಲಿಲ್ಲ. ಆ ಎರಡನೆಯದನ್ನು ಹೈದರಾಬಾದಿನ ದಾನಿಗಳು ನೋಡಿಕೊಳ್ಳುತ್ತಿದ್ದರು. ಈಗ ಆ ದಾನಿಗಳು ಹೊಸ ಮಾತು ತೆಗೆದಿದ್ದರು. ಮೂರು ಕಡೆ ಚೂರುಚೂರು ಸೇವೆ ಬೇಡ. ಮುಂದಿನ ವರ್ಷದಿಂದ ಗಾಡಿ ಒಂದೇ ತಾಲೂಕಿನಲ್ಲಿರಲಿ. ಎಲ್ಲಿ ಉಪಯೋಗ ಹೆಚ್ಚು ಎಂಬುದನ್ನು ದತ್ತಾಂಶ ಸಂಗ್ರಹಿಸಿ ತೋರಿಸಿ.

ಅನೀಲಕುಮಾರರಿಗೆ ಇದು ಅಮೃತದಂತೆ ಕೇಳಿಸಿತು. ‘ಮಾದರಿ ದೃಷ್ಟಿ ತಾಲೂಕು’ ಎಂಬ ಹೆಸರು, ರಸ್ತೆಗೆ ಅಡ್ಡವಾಗಿ ಒಂದು ಕಮಾನು, ಕಮಾನಿನ ಬುಡದಲ್ಲಿ ತಮ್ಮ ಹೆಸರಿನ ಕಲ್ಲು, ಎಲ್ಲವೂ ಅವರ ಕಣ್ಣಿಗೆ ಕನ್ನಡಕವಿಲ್ಲದೆಯೇ ಕಂಡವು. ಭಾಗ್ಯಜ್ಯೋತಿಗೆ ಕಂಡದ್ದು ಬೇರೆ. ಜಿಡಗಾ, ಗೊಬ್ಬೂರ, ಇಜೇರಿ, ಯಾವ ಊರಿಗೆ ಹೋದರೂ ಗಾಡಿಯ ಬಾಗಿಲು ಹಾಕುವ ಮುನ್ನ ಅವಳು ಒಂದೇ ಮಾತು ಹೇಳುತ್ತಿದ್ದಳು: “ಮುಂದಿನ ತಿಂಗಳ ಮತ್ತ ಬರ್ತೇವಿ.” ಈಗ ಅವಳೇ ಲೆಕ್ಕ ಹಾಕಿ, ಎರಡು ತಾಲೂಕಿನಲ್ಲಿ ತನ್ನ ಮಾತನ್ನು ತಾನೇ ಸುಳ್ಳು ಮಾಡಬೇಕಿತ್ತು.

ಪೀಠದ ಮೊದಲ ಸಭೆ ಸೇರಿತು. ಸಭೆಯೆಂದರೆ ಅನೀಲಕುಮಾರ, ಭಾಗ್ಯಜ್ಯೋತಿ ಮತ್ತು ಗಾಡಿಯ ಡ್ರೈವರ್ ಶಾರುಖ.

“ದತ್ತಾಂಶ ಅಂದ್ರ ಏನ್ರಿ ಸಾಹೇಬ್ರ?” ಶಾರುಖ ಕೇಳಿದ. “ಅಫಜಲಪುರ ತಾಲೂಕಿನ ಗಾಣಗಾಪುರದಾಗ ದತ್ತನೇ ಪೂರಾ ಕೂತಾನ. ಅವನ ಅಂಶ ಹುಡುಕಿಕೋತ ಊರೂರು ಯಾಕ ತಿರಗಬೇಕು?”

“ಸುಮ್ನ ಕೂಡೋ ಲೇ. ದತ್ತಾಂಶ ಅಂದ್ರ ಮಾಹಿತಿ.”

“ಹಂಗಂದ್ರ ಮಾಹಿತಿ ಅನ್ರಲ್ಲ. ಮಂದಿ ಹೆದರೂದಿಲ್ಲ.”

ಮಾಹಿತಿ ಸಂಗ್ರಹಿಸುವ ದಾರಿಗಳು ದಾನಿಗಳು ಕಳಿಸಿದ ದಪ್ಪ ಕೈಪಿಡಿಯಲ್ಲಿದ್ದವು. ಪ್ರಶ್ನಾವಳಿ, ಫೋನು, ಗುಂಪು ಚರ್ಚೆ, ಮನೆ ಭೇಟಿ, ಸುಮ್ಮನೆ ಕೂತು ನೋಡುವುದು. ಫೋನು ಅಗ್ಗವೆಂದು ಮೊದಲು ಅದನ್ನೇ ಪರೀಕ್ಷಿಸಿದರು. ಭಾಗ್ಯಜ್ಯೋತಿ ಜೇವರ್ಗಿ ಕಡೆಯ ದತ್ತಪ್ಪ ಎಂಬ ಮುದುಕರಿಗೆ ಕರೆ ಮಾಡಿ, ಸ್ಪೀಕರ್ ಒತ್ತಿದಳು.

“ನಮಸ್ಕಾರ್ರಿ. ನಿಮಗ ಕೊಟ್ಟ ಕನ್ನಡಕದ ಬಗ್ಗೆ ಎರಡ ಮಾತು ಕೇಳೂದಿತ್ತು.”

“ಆಧಾರ್ ನಂಬರ್ ಹೇಳೂದಿಲ್ಲ.”

“ನಂಬರ್ ಬ್ಯಾಡ್ರಿ ಕಾಕಾ. ಕನ್ನಡಕ ಹ್ಯಾಂಗದ, ಅಷ್ಟ ಹೇಳ್ರಿ.”

“ಹಿಂಗ ಸವಿಸವಿ ಮಾತಾಡೇ ನನ್ನ ಅಳಿಯನ ಖಾತೆ ಖಾಲಿ ಮಾಡ್ಯಾರ. ಇಡವ್ವಾ ಫೋನು.”

ಇಟ್ಟಳು. ಫೋನಿನ ದಾರಿ ಅಲ್ಲಿಗೆ ಮುಗಿಯಿತು.

“ಹಂಗಾರ ಹಿಂಗ ಮಾಡೂಣು,” ಎಂದರು ಅನೀಲಕುಮಾರ. “ಆಳಂದಕ್ಕ ಪ್ರಶ್ನಾವಳಿ. ಅಫಜಲಪುರಕ್ಕ ಗುಂಪು ಚರ್ಚೆ. ಜೇವರ್ಗಿಗೆ ಕೂತು ನೋಡೂದು. ಮೂರು ತಾಲೂಕು, ಮೂರು ವಿಧಾನ. ತ್ರಿವೇಣಿ ಸಮೀಕ್ಷೆ. ಹೆಸರು ಹ್ಯಾಂಗದ?”

“ಹೆಸರು ಚಲೋ ಅದ್ರಿ,” ಎಂದಳು ಭಾಗ್ಯಜ್ಯೋತಿ. “ಆದ್ರ ಒಂದು ಊರಾಗ ಸೇರಿಲೆ ಅಳದು, ಇನ್ನೊಂದು ಊರಾಗ ಮೊಳದಿಂದ ಅಳದು, ಮತ್ತೊಂದು ಊರಾಗ ಬರೇ ಕಣ್ಣಿಲೆ ನೋಡಿ ಬಂದ್ರ, ಯಾವ್ದು ಜಾಸ್ತಿ ಅಂತ ಹ್ಯಾಂಗ ಹೇಳೂದ್ರಿ? ಮೂರೂ ಕಡಿ ಒಂದೇ ಥರ ಕೇಳೂಣು.”

“ಕೈಪಿಡಿಯೊಳಗ ‘ಬಹುವಿಧಾನ’ ಅಂತ ದಪ್ಪ ಅಕ್ಷರದಾಗದ. ದಪ್ಪ ಅಕ್ಷರದ ಮುಂದ ನಿಮ್ಮದೇನು, ನಂದೇನು?”

ಆಮೇಲೆ ಅವರು ನಿಯಮಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಹದಿನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎದುರಿನ ಹೋಟೆಲಿನಿಂದ ಚಹಾ ಬಂತು. “ಮಾಹಿತಿ ಸಂಗ್ರಹಿಸುವವರು ಉತ್ತರ ನೀಡುವವರಿಂದ ಯಾವುದೇ ವಸ್ತು, ತಿನಿಸು ಅಥವಾ ಪಾನೀಯ ಸ್ವೀಕರಿಸಿದಲ್ಲಿ ಆ ಉತ್ತರ ಅಮಾನ್ಯ,” ಎಂದು ಓದುತ್ತಲೇ ಅನೀಲಕುಮಾರ ಕಪ್ಪಿಗೆ ಕೈ ಚಾಚಿದರು.

“ಪಾನೀಯ ಅಂದ್ರ?” ಎಂದ ಶಾರುಖ.

“ಅದೇನೋ ಬಾಟಲಿ ವ್ಯವಹಾರ ಇರ್ಬೇಕು. ನಮ್ಮೊಳಗ ಅಂಥವರಿಲ್ಲ.”

ಮೂವರೂ ಒಪ್ಪಿ ತಲೆಯಾಡಿಸಿ, ಚಹಾ ಕುಡಿದು, ಹದಿನೈದನೆಯದಕ್ಕೆ ಹೋದರು. ಅದು ಪ್ರತಿ ಭೇಟಿಯ ಫೋಟೋ ತೆಗೆಯಬೇಕೆಂಬ ನಿಯಮ. ಅನೀಲಕುಮಾರರಿಗೆ ಬಹಳ ಹಿಡಿಸಿದ್ದು ಅದೇ. “ಫೋಟೋ ಮಾತ್ರ ತಪ್ಪಸಬ್ಯಾಡ್ರಿ. ನಾಳೆ ಕಮಾನಿನ ಮ್ಯಾಲ ಬೇಕಾಗ್ತಾವ.”

ಮೊದಲ ಮನೆ ಆಳಂದ ತಾಲೂಕಿನ ಜಿಡಗಾದ ಸುಭದ್ರಾಬಾಯಿಯವರದು. ಸಣ್ಣ ಅಂಗಳ, ಒರಳು, ಬಾಗಿಲ ಮೇಲೆ ಬಸವಣ್ಣನ ಪಟ. ಸುಭದ್ರಾಬಾಯಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಭಾಗ್ಯಜ್ಯೋತಿ ಪ್ರಶ್ನೆಯ ಹಾಳೆ ತೆಗೆದಳು.

“ಒಂದರಿಂದ ಐದು ಅಂಕದೊಳಗ ನಮ್ಮ ಸೇವಾಕ್ಕ ಎಷ್ಟು ಕೊಡ್ತೀರಿ ಆಯಿ?”

“ಅಂಕ?” ಸುಭದ್ರಾಬಾಯಿ ಕನ್ನಡಕದ ಮೇಲಿನಿಂದ ನೋಡಿದರು. “ಮಠದಾಗ ಪ್ರಸಾದ ಉಂಡು ಹೊರಗ ಬರೂ ಮುಂದ ಯಾರರೆ ಐದಕ್ಕ ಮೂರು ಅಂತಾರೇನ ಬೇ? ದಾಸೋಹಕ್ಕ ಮಾರ್ಕು ಹಾಕೂ ಬಾಯಿ ನನಗ ಕೊಟ್ಟಿಲ್ಲ ದೇವರು.”

“ಆದ್ರೂ ಏನರೆ ಹೇಳ್ರಿ. ಹಾಳ್ಯಾಗ ಬರೀಬೇಕು.”

“ಐದು ಬರಿ. ಐದರ ಮ್ಯಾಲ ಇದ್ರ ಅದನ್ನೂ ಬರಿ. ಮೊದಲ ಚಹಾ ಕುಡಿ.”

“ಈಗ ಬ್ಯಾಡ್ರಿ, ಕುಡದೇ ಬಂದೀನಿ.”

ಸುಭದ್ರಾಬಾಯಿ ಮೊರವನ್ನು ಕೆಳಗಿಟ್ಟರು. “ನಮ್ಮನಿಗೆ ಬಂದು ಹಂಗೇ ಎದ್ದು ಹೋಗಾಕಿ ಇದ್ರ, ನಿನ್ನ ಪ್ರಶ್ನಾ ನೀನೇ ಒಯ್ಯಿ. ಉತ್ತರ ನನ್ನ ಹಂತೇಕ ಇರ್ಲಿ.”

ಚಹಾ ಬಂತು. ಶಾರುಖ ಫೋಟೋ ತೆಗೆದ. ಆಮೇಲೆಯೇ ಉತ್ತರಗಳು ಬಂದವು, ಎಲ್ಲವೂ ಐದು. ತೊಂದರೆ ಏನಾದರೂ ಇದೆಯೇ ಎಂಬ ಪ್ರಶ್ನೆಗೆ “ಏನಿಲ್ಲ” ಎಂದರು. ಆದರೆ ಭಾಗ್ಯಜ್ಯೋತಿ ಚಹಾ ಕುಡಿಯುತ್ತ ನೋಡಿದಳು: ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಸುಭದ್ರಾಬಾಯಿ ಅದನ್ನು ಹಿಂದಿನಿಂದ ಹಸಿರು ನೂಲಿನಲ್ಲಿ ಕಟ್ಟಿಕೊಂಡಿದ್ದರು.

“ಇದು ಸಡಲ ಆಗ್ಯದಲ್ರಿ. ಯಾಕ ಹೇಳಲಿಲ್ಲ?”

“ಪುಗಸೆಟ್ಟೆ ಕೊಟ್ಟ ಕಣ್ಣಿಗೆ ಐಬು ಹುಡಕಬೇಕೇನು? ಜಾರಿದ್ದು ನನ್ನ ಮೂಗು. ನಿಮ್ಮ ಕನ್ನಡಕ ಛಲೋನೇ ಅದ.”

ಶಾರುಖ ಗಾಡಿಯಿಂದ ಪುಟ್ಟ ಸ್ಕ್ರೂ ಡ್ರೈವರ್ ತಂದು ಎರಡೂ ಕಡ್ಡಿ ಬಿಗಿ ಮಾಡಿದ. “ನಾನೂ ಡ್ರೈವರ್, ಇದೂ ಡ್ರೈವರ್. ಇಬ್ಬರದೂ ಒಂದೇ ಯೂನಿಯನ್ ಆಯಿ,” ಎಂದ. ಸುಭದ್ರಾಬಾಯಿ ನೂಲು ಬಿಚ್ಚಿ, ತಲೆಯನ್ನು ಮೂರು ಸಲ ಜೋರಾಗಿ ಅಲ್ಲಾಡಿಸಿ ನೋಡಿದರು. ಕನ್ನಡಕ ಜಗ್ಗಲಿಲ್ಲ. ಅವರು ಒಳಗೆ ಹೋಗಿ ಇನ್ನೂ ಒಂದೊಂದು ಕಪ್ಪು-ಬಶಿ ಚಹಾ ತಂದರು. ಹಾಳೆಯಲ್ಲಿ ಬರೆಯಲಾಗದ ಉತ್ತರ ಇದೇ ಇರಬೇಕು ಎಂದು ಭಾಗ್ಯಜ್ಯೋತಿಗೆ ಅನ್ನಿಸಿತು. ಆಮೇಲೆ ಹೋದ ಮನೆಗಳಲ್ಲೂ ಹಾಗೆಯೇ ಆಯಿತು. ಬಾಯಿ ಐದು ಎನ್ನುತ್ತಿತ್ತು, ಕಡ್ಡಿ ಸಡಿಲವಿರುತ್ತಿತ್ತು, ಚಹಾ ಮಾತ್ರ ಬಿಗಿಯಾಗಿರುತ್ತಿತ್ತು.

ಅಫಜಲಪುರ ತಾಲೂಕಿನ ಗೊಬ್ಬೂರದಲ್ಲಿ ಗುಂಪು ಚರ್ಚೆ. ಊರಿನ ಧಮ್ಮಪಾಲ ಜವಾಬ್ದಾರಿ ಹೊತ್ತಿದ್ದ. ಕರೆಂಟಿನ ಕೆಲಸ ಮಾಡುವವನು, ಅಚ್ಚುಕಟ್ಟಿನ ಮನುಷ್ಯ. ಬುದ್ಧವಿಹಾರದ ಮುಂದಿನ ಅಂಗಳ ಗುಡಿಸಿ, ಜಮಖಾನೆ ಹಾಸಿ, ಮೈಕು ಕಟ್ಟಿಸಿದ್ದ. ಮೈಕು ನೋಡಿದ ಕೂಡಲೇ ಭಾಗ್ಯಜ್ಯೋತಿಗೆ ಕೆಲಸ ಕೆಟ್ಟಿತೆನಿಸಿತು. ಚರ್ಚೆಗೆ ಬೇಕಾದದ್ದು ಹತ್ತಾರು ಜನ ದುಂಡಗೆ ಕೂತು ಹರಟುವುದು. ನಮ್ಮಲ್ಲಿ ನಾಲ್ಕು ಜನ ಕೂತ ಕಡೆ ಮೈಕು ಬಂದರೆ ಅದು ಸಭೆ. ಸಭೆಯಾದ ಮೇಲೆ ಸ್ವಾಗತವಿರಬೇಕು, ಪ್ರಾಸ್ತಾವಿಕವಿರಬೇಕು, ಸನ್ಮಾನವಿರಬೇಕು.

ಎಲ್ಲವೂ ಇದ್ದವು. ಭಗವಾನ್ ಬುದ್ಧನಿಗೂ ಬಾಬಾಸಾಹೇಬರಿಗೂ ಹೂವು, ಹೆಣ್ಣುಮಕ್ಕಳಿಂದ ವಂದನೆ, ಭಾಗ್ಯಜ್ಯೋತಿಗೆ ಶಾಲು, ಶಾರುಖನಿಗೂ ಶಾಲು. ಅವನು ಆ ಸೆಕೆಯಲ್ಲಿ ಅದನ್ನು ಹೊದ್ದೇ ಫೋಟೋ ತೆಗೆದ. ಎಲ್ಲರ ಕೈಗೂ ಚಹಾ ಬಂತು. ಪ್ರಾಸ್ತಾವಿಕ ಮಾತಾಡಿದವರು ಬಸ್ಸಿನ ವೇಳೆಯಿಂದ ಹಿಡಿದು ಭೀಮಾ ನದಿಯ ನೀರಿನವರೆಗೆ ಹೋದರು; ಕನ್ನಡಕದ ತನಕ ಬರಲು ಹೊತ್ತಿರಲಿಲ್ಲ. ಚರ್ಚೆ ಎಂದು ಇಟ್ಟಿದ್ದ ಜಾಗದಲ್ಲಿ ಇನ್ನೊಂದು ಸುತ್ತು ಚಹಾ ಹಂಚಿದರು.

“ಧಮ್ಮಪಾಲಣ್ಣ, ಚರ್ಚೆ ಯಾವಾಗ?” ಎಂದು ಪಿಸುಗುಟ್ಟಿದಳು.

“ಕಾರ್ಯಕ್ರಮ ಮುಗೀಲ್ರಿ ಮೇಡಂ. ನಡಕ ಚರ್ಚಾ ತಂದ್ರ ಶಿಸ್ತು ಕೆಡ್ತದ.”

ಕೊನೆಗೆ ವಂದನಾರ್ಪಣೆ. ಅದು ಧಮ್ಮಪಾಲನ ತಾಯಿ ಮಾಣಿಕಮ್ಮನ ಪಾಲಿಗೆ ಬಂದಿತ್ತು. ಮೈಕನ್ನು ದೂರದಿಂದ ಹಿಡಿದು ಆಕೆ ಹೇಳಿದಳು:

“ಈ ತಂಗಿಗೆ, ಆ ಡ್ರೈವರ್ ತಮ್ಮಗ, ಅವರ ಗಾಡಿಗೆ ನಂದು ಜೈಭೀಮ. ಕನ್ನಡಕ ಹಾಕಿದ ದಿವಸ ಸಕ್ಕರಿ ಡಬ್ಬಿ ತಗದೆ. ಒಳಗ ಇರುವಿ. ಇಷ್ಟು ವರ್ಷ ಎಷ್ಟು ತಿಂದೀವೋ ಏನೋ. ಈಗ ಸೊಸಿ ಕಸಾ ಹೊಡದ್ರ ಮೂಲ್ಯಾಗ ಉಳದದ್ದೂ ಕಾಣ್ತದ. ಅದಕ್ಕ ಸೊಸಿಗೆ ನಿಮ್ಮ ಮ್ಯಾಲ ಜರಾ ಸಿಟ್ಟದ. ನನಗ ಮಾತ್ರ ಭಾಳ ಖುಷಿ ಅದ.”

“ಅತ್ತಿ, ಕನ್ನಡಕ ತಗದು ಮಾತಾಡ್ರಿ,” ಎಂದು ಹಿಂದಿನಿಂದ ಸೊಸೆ ಕೂಗಿದಳು. “ಮಂದಿ ನಗೂದು ಕಾಣೂದಿಲ್ಲ.”

ಇಡೀ ಅಂಗಳ ನಕ್ಕಿತು. ಭಾಗ್ಯಜ್ಯೋತಿ ಎಲ್ಲವನ್ನೂ ಬರೆದುಕೊಂಡಳು. ಅಂಕ ಎಂಬ ಕಡೆ ಮಾತ್ರ ಏನು ಬರೆಯಬೇಕೆಂದು ತಿಳಿಯಲಿಲ್ಲ. ಇರುವೆಗೆ ಎಷ್ಟು, ಸೊಸೆಯ ಸಿಟ್ಟಿಗೆ ಎಷ್ಟು ಎಂದು ಕೈಪಿಡಿಯಲ್ಲಿರಲಿಲ್ಲ. ಖಾಲಿ ಬಿಟ್ಟಳು.

ಜೇವರ್ಗಿ ತಾಲೂಕಿನ ಇಜೇರಿಯಲ್ಲಿ ಕೂತು ನೋಡುವ ವಿಧಾನ. ಹಮೀದಾಬೇಗಂ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವವರು. ನೋಡುವವರು ಮನೆಯ ಸಾಮಾನಿನಂತೆ ಮೌನವಾಗಿರಬೇಕು, ಮಾತಿನಿಂದ ಯಾರನ್ನೂ ಪ್ರಭಾವಿಸಬಾರದು ಎಂದು ಕೈಪಿಡಿ ಹೇಳಿತ್ತು. ಭಾಗ್ಯಜ್ಯೋತಿ ಸಲಾಂ ಹೇಳಿ, ಮೂಲೆಯಲ್ಲಿ ಗೋಡೆಗೊರಗಿ ಕೂತು ಸಾಮಾನಾದಳು.

ಹಮೀದಾಬೇಗಂ ಸ್ವಲ್ಪ ಹೊತ್ತು ತಾಳಿದರು. “ಯಾಕ ಬೇಟಿ, ಮನ್ಯಾಗ ಜಗಳಾಗ್ಯಾವೇನು?”

“ಇಲ್ರಿ ಖಾಲಾ.”

“ಮೈಯಾಗ ಆರಾಮಿಲ್ಲೇನು?”

“ಆರಾಮದೀನ್ರಿ. ನೀವು ನಿಮ್ಮ ಕೆಲಸ ಮಾಡ್ರಿ. ನಾ ಸುಮ್ನ ನೋಡಾಕತ್ತೇನಿ.”

“ಹಸದಿರ್ಬೇಕು,” ಎಂದು ಅವರೇ ತೀರ್ಮಾನಿಸಿ ಎದ್ದರು. ಚಹಾ ಬಂತು, ಚಹಾದ ಹಿಂದೆ ಶೇಂಗಾದ ಹೋಳಿಗೆ ಬಂತು. ಬೇಡವೆಂದರೆ ಜಗಳವಾದದ್ದು ಖಾತ್ರಿಯಾದಂತೆ. ಭಾಗ್ಯಜ್ಯೋತಿ ತಿಂದಳು. ಶಾರುಖ ಒಂದು ಕೈಯಲ್ಲಿ ಹೋಳಿಗೆ ಹಿಡಿದು ಇನ್ನೊಂದು ಕೈಯಲ್ಲಿ ಫೋಟೋ ತೆಗೆದ.

ಆಮೇಲೆ ಹಮೀದಾಬೇಗಂ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಸೂಜಿಯನ್ನು ಬೆಳಕಿಗೆ ಹಿಡಿದರು. ದಾರ ಮೊದಲ ಸಲಕ್ಕೇ ಸೂಜಿಯ ಕಣ್ಣಿಗೆ ಹೋಯಿತು. ಅವರು ಸೂಜಿಯನ್ನು ಭಾಗ್ಯಜ್ಯೋತಿಯ ಕಡೆ ತಿರುಗಿಸಿ ಹುಬ್ಬು ಕುಣಿಸಿದರು. ಮೊದಲು ದಾರ ಪೋಣಿಸಿಕೊಳ್ಳಲು ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದವರು. ಭಾಗ್ಯಜ್ಯೋತಿ ಸಾಮಾನಾಗಿರುವುದನ್ನು ಬಿಟ್ಟು ಇನ್ನೊಂದು ಸೂಜಿ ತೆಗೆದುಕೊಂಡು ಕೌದಿಯ ಆ ಕಡೆಯ ಅಂಚಿಗೆ ಕೂತಳು. ಸಂಜೆಯವರೆಗೆ ಹೊಲಿದಳು. ಹೊರಡುವಾಗ ಅಭ್ಯಾಸಬಲದಿಂದ ಬಾಯಿಗೆ ಬಂತು: “ಮುಂದಿನ ತಿಂಗಳ ಮತ್ತ...” ಅಲ್ಲಿಗೇ ನಿಲ್ಲಿಸಿದಳು.

“ಬರ್ತೀರಿ, ಗೊತ್ತದ,” ಎಂದು ಹಮೀದಾಬೇಗಂ ಉಳಿದ ಹೋಳಿಗೆಯನ್ನು ಅವಳ ಚೀಲಕ್ಕೆ ತುರುಕಿದರು.

ಗಾಡಿ ಊರು ದಾಟಿತು. ಶಾರುಖ ಕೇಳಿದ, “ಅಕ್ಕಾ, ಲೆಕ್ಕದಾಗ ಆಳಂದನೇ ಗೆಲ್ತದಲ್ಲ?”

“ಹೌದಪ. ಅಂಕ ಇರೂದು ಅವರಿಗೆ ಅಷ್ಟೇ. ಇವರ ಹಂತೇಕ ಬರೇ ಮಾತು, ಬರೇ ಸೂಜಿ.”

“ಸೂಜಿಗೆ ಐದು ಹಾಕಿ ಬಿಡ್ರಲ್ಲ.”

“ಹಾಕಿದ್ರ ನಾ ಬರದದ್ದು. ಅವ್ರು ಹೇಳಿದ್ದಲ್ಲ.”

ಅವಳು ಹಾಕಲಿಲ್ಲ. ಚೀಲದಲ್ಲಿದ್ದ ಹೋಳಿಗೆ ತೊಡೆಗೆ ತಾಗುತ್ತಿತ್ತು. ಇಷ್ಟೊಂದು ಮನೆಗಳು ತನ್ನನ್ನು ಒಳಗೆ ಕರೆದು ಕೂರಿಸಿದವಲ್ಲ, ತಾನು ಕೊಟ್ಟದ್ದಕ್ಕಿಂತ ತಿಂದದ್ದೇ ಹೆಚ್ಚಾಯಿತಲ್ಲ ಎಂದುಕೊಂಡಳು. ಆ ಋಣಕ್ಕೆ ಬದಲಾಗಿ ಎರಡು ತಾಲೂಕಿಗೆ ಗಾಡಿ ತಪ್ಪಿಸುವ ಕಾಗದವನ್ನು ತಾನೇ ಒಪ್ಪಿಸಬೇಕಿತ್ತು.

ದಾನಿಗಳ ಕಡೆಯಿಂದ ಪರಿಶೀಲನೆಗೆ ಬಂದವಳು ಐಶ್ವರ್ಯಾ. ಕಲಬುರಗಿಯ ಹುಡುಗಿ, ಹೈದರಾಬಾದಿನಲ್ಲಿ ಕೆಲಸ. ಅನೀಲಕುಮಾರ ಅವಳನ್ನು ಸಂಶೋಧನಾ ಪೀಠದ ಮೇಲೆ ಕೂರಿಸಿದರು. ಹಾರವನ್ನು ಕುರ್ಚಿಯಿಂದ ತೆಗೆದು ಅವಳಿಗೇ ಹಾಕಿದ್ದರಿಂದ ಆ ಸಮಸ್ಯೆಯೂ ಬಗೆಹರಿಯಿತು. ಅದೇ ಹೊತ್ತಿಗೆ ಎದುರಿನ ಹೋಟೆಲಿನಿಂದ ಚಹಾ ಬಂತು.

“ಫಲಿತಾಂಶ ಸ್ಪಷ್ಟ ಅದ್ರಿ ಮೇಡಂ,” ಎಂದರು ಅನೀಲಕುಮಾರ. “ಆಳಂದಕ್ಕ ಐದಕ್ಕ ಐದು. ಉಳದ ಎರಡಕ್ಕ ಅಂಕಾನೇ ಇಲ್ಲ. ಕಮಾನಿನ ನಕ್ಷೆ ತೋರಸ್ಲೇನು?”

“ಮೊದಲ ಫೋಟೋ ನೋಡೂಣ್ರಿ.”

ಗೋಡೆಯ ಮೇಲೆ ಫೋಟೋಗಳು ದೊಡ್ಡದಾಗಿ ಮೂಡಿದವು. ಜಿಡಗಾದ ಅಂಗಳ, ಸುಭದ್ರಾಬಾಯಿ, ಭಾಗ್ಯಜ್ಯೋತಿ. ಐಶ್ವರ್ಯಾ ಕಣ್ಣು ಕಿರಿದು ಮಾಡಿದಳು.

“ಭಾಗ್ಯಜ್ಯೋತಿಯವ್ರ, ನಿಮ್ಮ ಕೈಯಾಗ ಏನದು?”

“ಚಹಾ ರಿ.”

“ಮುಂದಿನ ಫೋಟೋದಾಗ?”

“ಅದೂ ಚಹಾ ರಿ.”

“ಇಲ್ಲಿ ಕಪ್ ಕಾಣವಲ್ದು.”

“ಬಶ್ಯಾಗ ಸುರಕೊಂಡೀನ್ರಿ. ಭಾಳ ಸುಡ್ತಿತ್ತು.”

“ಇದು ಗೊಬ್ಬೂರ. ಎಲ್ಲರ ಕೈಯಾಗೂ ಅದ. ನಿಮಗ ಶಾಲೂ ಅದ. ಮತ್ತ ಇದು?”

“ಶೇಂಗಾದ ಹೋಳಿಗಿ ರಿ. ಇಜೇರಿದು. ಭಾಳ ರುಚಿ ಇತ್ತು.”

“ಫೋಟೋ ತೆಗದವನೂ ತಿಂದೀನ್ರಿ,” ಎಂದ ಶಾರುಖ ಬಾಗಿಲಿನಿಂದ. “ಅದಕ್ಕೇ ಅದು ಜರಾ ಸೊಟ್ಟ ಬಂದದ.”

ಐಶ್ವರ್ಯಾ ಕೈಪಿಡಿ ತೆರೆದು ಹದಿನಾಲ್ಕನೇ ನಿಯಮಕ್ಕೆ ಬೆರಳಿಟ್ಟಳು. ಅನೀಲಕುಮಾರ ಬಗ್ಗಿ ಓದಿದರು.

“ಚಹಾ ಪಾನೀಯ ಹ್ಯಾಂಗಾಗ್ತದ್ರಿ ಮೇಡಂ? ಅದು ರೂಢಿ. ಬಾಗಲಕ್ಕ ಬಂದವರಿಗೆ ಕೊಡೂದು.”

“ನಮ್ಮವ್ವನೂ ಹಂಗೇ ಅಂತಾಳ್ರಿ. ಆದ್ರ ಇಲ್ಲಿ ಹಂಗಂತ ಬರದಿಲ್ಲ. ಒಂದು ಉತ್ತರನೂ ಮಾನ್ಯ ಆಗೂದಿಲ್ಲ. ಆಳಂದದ ಐದೂ ಇಲ್ಲ.”

“ಹಂಗಾರ ಮತ್ತೊಮ್ಮೆ ಮಾಡಸ್ತೀನಿ. ಚಹಾ ಮುಟ್ಟದಂಗ.”

“ಸಂಗ್ರಹಿಸುವವರು ಸ್ಥಳೀಯರೇ ಇರ್ಬೇಕು ಅಂತ ಏಳನೇ ನಿಯಮ ಅದ. ಚಹಾ ಒಲ್ಲೆ ಅಂದು ಮನಿಯೊಳಗ ಕೂಡುವಂಥ ಸ್ಥಳೀಯರು ಈ ಮೂರು ತಾಲೂಕಿನಾಗ ಯಾರದಾರ, ಹೇಳ್ರಿ.”

ಅನೀಲಕುಮಾರ ಯೋಚಿಸಿದರು. ತಮ್ಮ ಬಂಧುಬಳಗವನ್ನೆಲ್ಲ ಒಂದು ಸುತ್ತು ನೆನಪಿಸಿಕೊಂಡು ಬಂದಂತೆ ಕಂಡಿತು. ಯಾರೂ ಸಿಗಲಿಲ್ಲ.

ಭಾಗ್ಯಜ್ಯೋತಿ ಕನ್ನಡಕದ ಪೆಟ್ಟಿಗೆಯ ಮೇಲಿನಿಂದ ಮೆಲ್ಲಗೆ ಕೇಳಿದಳು. “ಮಾನ್ಯ ಉತ್ತರ ಒಂದೂ ಇರಲಿಲ್ಲಂದ್ರ, ಗಾಡೀದು ಏನಂತದ್ರಿ ಕೈಪಿಡಿ?”

ಐಶ್ವರ್ಯಾ ಹಾಳೆ ತಿರುವಿದಳು. “‘ಮಾನ್ಯ ದತ್ತಾಂಶ ಲಭ್ಯವಿಲ್ಲದಿದ್ದಲ್ಲಿ ಈಗಿರುವ ವ್ಯವಸ್ಥೆಯೇ ಮುಂದುವರಿಯತಕ್ಕದ್ದು.’ ಮೂರೂ ತಾಲೂಕು, ಮೊದಲಿನ ಹಂಗೇ.”

ಭಾಗ್ಯಜ್ಯೋತಿ ಮನಸ್ಸಿನಲ್ಲಿ ಜಿಡಗಾದ ಎರಡನೇ ಬಶಿಗೆ, ಗೊಬ್ಬೂರದ ಎರಡನೇ ಸುತ್ತಿಗೆ, ಇಜೇರಿಯ ಹೋಳಿಗೆಗೆ ಒಂದೊಂದಾಗಿ ಕೈಮುಗಿದಳು. ಪುಣ್ಯಾತ್ಮರು ಯಾರೂ ಅವಳನ್ನು ಬರಿಬಾಯಲ್ಲಿ ಕಳಿಸಿರಲಿಲ್ಲ. ಬಾಗಿಲಲ್ಲಿ ಶಾರುಖ ಆಗಲೇ ಗಾಡಿಯ ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದ.

“ಮೇಡಂ, ವಿಶೇಷ ಪ್ರಕರಣ ಅಂತ ನೀವು ಮ್ಯಾಲ ಒಂದು ಶಿಫಾರಸು ಬರದ್ರ?” ಎಂದರು ಅನೀಲಕುಮಾರ. ಕಮಾನು ಇನ್ನೂ ಅವರ ಕಣ್ಣಲ್ಲಿ ಅರ್ಧ ನಿಂತಿತ್ತು. “ನಿಮ್ಮ ಅಧಿಕಾರದಾಗ ಅದಲ್ಲ?”

“ಅದ ರಿ. ಹದಿನಾರನೇ ನಿಯಮ. ‘ಪರಿಶೀಲನೆಗೆ ಬಂದವರು ಸದರಿ ಸಂಸ್ಥೆಯಿಂದ ಏನನ್ನೂ ಸ್ವೀಕರಿಸಿರದಿದ್ದಲ್ಲಿ ಮಾತ್ರ ಶಿಫಾರಸು ಮಾಡಬಹುದು.’”

ಓದಿ ಮುಗಿಸಿ ಐಶ್ವರ್ಯಾ ತನ್ನ ಕೊರಳಿನ ಹಾರವನ್ನು ನೋಡಿಕೊಂಡಳು. ಆಮೇಲೆ ಕೆಂಪು ಕುರ್ಚಿಯ ಕೈಯ ಮೇಲಿದ್ದ ತನ್ನ ಕಪ್ಪನ್ನು ನೋಡಿದಳು. ಎಲ್ಲರೂ ನೋಡಿದರು. ತಳದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

“ಇನ್ನೊಂದು ಕಪ್ ತರಸ್ಲೇನ್ರಿ ಮೇಡಂ?” ಎಂದು ಭಾಗ್ಯಜ್ಯೋತಿ ಕೇಳಿದಳು.

ಐಶ್ವರ್ಯಾ ಕೈಪಿಡಿ ಮುಚ್ಚಿದಳು. “ಹ್ಯಾಂಗೂ ಅಮಾನ್ಯ ಆಗೀನಿ. ತರಸ್ರಿ.”